ಬಣ್ಣ ನೋಡಿ ಕೀಬೋರ್ಡ್ ನುಡಿಸುವ ಮಗ: ಏಳು ಬಣ್ಣ ಬೇಡ, ಎರಡು ಸಾಕು

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದಲ್ಲಿದ್ದೇವೆ. ಮಗನಿಗೆ ಎಂಟು ವರ್ಷ. ಒಂದು ಕೀಬೋರ್ಡ್ ತಂದುಕೊಟ್ಟಿದ್ದೇವೆ. ಬಿಳಿ ಕೀಗಳ ಮೇಲೆ ಏಳು ಬಣ್ಣದ ಸ್ಟಿಕರ್ ಅಂಟಿಸಿದ್ದೇವೆ. ಟ್ಯಾಬ್‌ನಲ್ಲಿ ಒಂದು ಆ್ಯಪ್ ಇದೆ. ಅದರಲ್ಲಿ ಬಣ್ಣದ ಪಟ್ಟಿಗಳು ಮೇಲಿನಿಂದ ಇಳಿಯುತ್ತವೆ, ಅವನು ಅದೇ ಬಣ್ಣದ ಕೀ ಒತ್ತುತ್ತಾನೆ. ಈಗಾಗಲೇ ಏಳೆಂಟು ಹಾಡು ನುಡಿಸುತ್ತಾನೆ. ಆದರೆ "ಇದು ಯಾವ ಸ್ವರ ಪುಟ್ಟಾ?" ಅಂದರೆ "ಹಳದಿ" ಅನ್ನುತ್ತಾನೆ. ನಮ್ಮ ಮಾವನವರು ಅಂಕೋಲೆಯಿಂದ ಬಂದಾಗ ನೋಡಿ ಬೇಜಾರು ಮಾಡಿಕೊಂಡರು. ಅವರು ಯಕ್ಷಗಾನದ ಮೇಳದ ಹಾಡು ಕೇಳಿ ಬೆಳೆದವರು. "ಇದು ಸಂಗೀತವೇ ಅಲ್ಲ, ಬಣ್ಣದ ಆಟ" ಅಂದರು. ಶಾಲೆಯ ಗ್ಯಾದರಿಂಗ್‌ನಲ್ಲಿ ಮಕ್ಕಳ ಹಾಡಿಗೆ ಇವನೇ ಹಾರ್ಮೋನಿಯಂ ನುಡಿಸಬೇಕು ಅಂತ ಟೀಚರ್ ಹೇಳಿದ್ದಾರೆ. ಆ ಪೆಟ್ಟಿಗೆಗೆ ಬಣ್ಣ ಇಲ್ಲ. ಸ್ಟಿಕರ್ ಕಿತ್ತು ಹಾಕಿ ಮೊದಲಿನಿಂದ ಕಲಿಸಬೇಕಾ?

ಉತ್ತರ: ಕಿತ್ತು ಹಾಕಬೇಡಿ, ಸದ್ಯಕ್ಕಂತೂ ಬೇಡ. ಎಂಟು ವರ್ಷದ ಹುಡುಗ ತಾನೇ ಕೂತು ಏಳೆಂಟು ಹಾಡು ನುಡಿಸುತ್ತಾನೆ ಅಂದರೆ ಅವನಿಗೆ ಆಸೆ ಹುಟ್ಟಿದೆ. ಆ ಆಸೆಯನ್ನು ಯಾವ ಗುರುವೂ ಹೊರಗಿನಿಂದ ತಂದು ತುಂಬಲು ಆಗುವುದಿಲ್ಲ. ಆದರೆ ನಿಮ್ಮ ಮಾವನವರ ಬೇಜಾರಿನಲ್ಲೂ ಒಂದು ನಿಜ ಇದೆ. ಶಿರಸಿಯಲ್ಲಿ ನನ್ನ ಹತ್ತಿರ ಹಾಡು, ಹಾರ್ಮೋನಿಯಂ ಕಲಿಯಲು ಬರುವ ಮಕ್ಕಳಲ್ಲಿ ಈಗ ಹೀಗೆ ಬಣ್ಣದಿಂದ ಶುರು ಮಾಡಿದವರೇ ಜಾಸ್ತಿ. ಬೆರಳು ಚುರುಕಾಗಿರುತ್ತದೆ. ಕಿವಿ ಮಾತ್ರ ಇನ್ನೂ ಕೆಲಸಕ್ಕೆ ಇಳಿದಿರುವುದಿಲ್ಲ.

ಮೊದಲು ಮಾವನವರಿಗೆ ಒಂದು ಮಾತು ಹೇಳಿ. ಬಣ್ಣ ಹಿಡಿದು ಸ್ವರ ಗುರುತಿಸುವುದು ಆ್ಯಪ್‌ನವರು ಕಂಡುಹಿಡಿದ ಹೊಸ ಚಾಳಿ ಅಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಗ್ವೀಡೋ ಎಂಬ ಸನ್ಯಾಸಿ ಚರ್ಚಿನ ಹುಡುಗರಿಗೆ ಹಾಡು ಕಲಿಸುತ್ತಿದ್ದ. ಸ್ವರ ಬರೆಯಲು ಗೆರೆ ಎಳೆಯುವ ಪದ್ಧತಿಯನ್ನು ಸರಿಮಾಡಿದವನು ಅವನೇ. ಅವನು ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಳದಿ ಹಚ್ಚಿದ. ನಮ್ಮಲ್ಲೂ ಇದೆ. 13ನೇ ಶತಮಾನದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಏಳೂ ಸ್ವರಕ್ಕೆ ಬಣ್ಣ ಹೇಳಿದ್ದಾನೆ. ಷಡ್ಜಕ್ಕೆ (ಸಾ) ತಾವರೆಯ ಬಣ್ಣ, ಗಾಂಧಾರಕ್ಕೆ (ಗ) ಬಂಗಾರದ್ದು, ಮಧ್ಯಮಕ್ಕೆ (ಮ) ಮಲ್ಲಿಗೆಯ ಬಿಳುಪು, ಪಂಚಮಕ್ಕೆ (ಪ) ಕಪ್ಪು, ಧೈವತಕ್ಕೆ (ಧ) ಹಳದಿ, ಹೀಗೆ. ಅವನ ಉದ್ದೇಶ ಪಾಠ ಹೇಳಿಕೊಡುವುದಲ್ಲ ಬಿಡಿ. ಪ್ರತಿ ಸ್ವರಕ್ಕೂ ದೇವತೆ, ಋಷಿ, ಛಂದಸ್ಸು, ರಸ ಹೇಳುತ್ತಾ ಬಣ್ಣವನ್ನೂ ಹೇಳಿದ.

ಹಾಗಾದರೆ ಯಾವ ಸ್ವರಕ್ಕೆ ಯಾವ ಬಣ್ಣ ಸರಿ? ಇದನ್ನು ತುಂಬಾ ಜನ ಕೇಳುತ್ತಾರೆ. ಸರಿ ಅನ್ನುವುದು ಯಾವುದೂ ಇಲ್ಲ. ನ್ಯೂಟನ್ 1704ರಲ್ಲಿ ಅಚ್ಚಾದ ತನ್ನ ಬೆಳಕಿನ ಪುಸ್ತಕದಲ್ಲಿ ಕಾಮನಬಿಲ್ಲಿನ ಏಳು ಬಣ್ಣವನ್ನು ಏಳು ಸ್ವರದ ಜೊತೆ ಹೊಂದಿಸಲು ನೋಡಿದ. ರಷ್ಯಾದ ಇಬ್ಬರು ದೊಡ್ಡ ಸಂಗೀತಗಾರರಿಗೆ, ಸ್ಕ್ರಿಯಾಬಿನ್ ಮತ್ತು ರಿಮ್ಸ್ಕಿ-ಕೋರ್ಸಕೋವ್‌ಗೆ, ಶ್ರುತಿಯ ಜೊತೆಗೆ ಬಣ್ಣ ಹೊಳೆಯುತ್ತಿತ್ತಂತೆ. ಆದರೆ ಒಂದೇ ಶ್ರುತಿ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಬಿಳಿ. ಶಾಲೆಗಳಲ್ಲಿ ಮಕ್ಕಳು ಬಡಿದು ನುಡಿಸುವ ಬೂಮ್‌ವ್ಯಾಕರ್ ಅನ್ನುವ ಬಣ್ಣದ ಕೊಳವೆಗಳಲ್ಲಿ ಮೊದಲ ಸ್ವರ ಕೆಂಪು, ಆರನೆಯದು ನೇರಳೆ. ಫಿನ್‌ಲೆಂಡಿನಲ್ಲಿ 1996ರಲ್ಲಿ ಕಾರ್ಲೋ ಊಸಿತಾಲೋ ಎಂಬವರು ಮಾಡಿದ ಫಿಗರ್‌ನೋಟ್ಸ್ ಪದ್ಧತಿಯಲ್ಲಿ ಮೊದಲನೆಯದು ಕೆಂಪು, ಐದನೆಯದು ಕಪ್ಪು, ಆರನೆಯದು ಹಳದಿ. ಪಂಚಮ ಕಪ್ಪು, ಧೈವತ ಹಳದಿ ಅಂತ ಶಾರ್ಙ್ಗದೇವ ಹೇಳಿದ್ದಕ್ಕೆ ಇದು ಸರಿಯಾಗಿ ಕೂಡುತ್ತದೆ! ಕಾಕತಾಳೀಯ ಅಷ್ಟೇ, ಆದರೂ ಮೊದಲ ಸಲ ಗಮನಿಸಿದಾಗ ನನಗೆ ತುಂಬಾ ಖುಷಿಯಾಗಿತ್ತು. ನೀವು ಯಾವ ಬಣ್ಣ ಇಟ್ಟರೂ ನಡೆಯುತ್ತದೆ. ಒಂದೇ ಷರತ್ತು, ನಡುವೆ ಬದಲಿಸಬೇಡಿ. ಆ್ಯಪ್ ಬದಲಾಯಿತು ಅಂತ ಬಣ್ಣವೂ ಬದಲಾದರೆ ಮಗು ಕಲಿತದ್ದನ್ನೆಲ್ಲ ಅಳಿಸಿ ಬರೆಯಬೇಕಾಗುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ನೀವು ಬಣ್ಣ ಹಚ್ಚಿದ್ದು ಕೀಗೆ, ಸ್ವರಕ್ಕಲ್ಲ.

ಪಾಶ್ಚಾತ್ಯ ಪದ್ಧತಿಯಲ್ಲಿ ಒಂದೊಂದು ಕೀಗೂ ಒಂದು ಕಾಯಂ ಹೆಸರಿದೆ. ಸಿ ಅಂದರೆ ಯಾವಾಗಲೂ ಸಿ. ಹಾಗಾಗಿ ಅಲ್ಲಿ ಕೀ ಮೇಲೆ ಬಣ್ಣ ಅಂಟಿಸಿದರೆ ಅರ್ಥ ಇದೆ. ನಮ್ಮ ಸಂಗೀತದಲ್ಲಿ ಸಾ ಒಂದೇ ಕಡೆ ಕೂರುವುದಿಲ್ಲ. ಹಾಡುವವರ ಗಂಟಲು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಮಾವನವರನ್ನೇ ಕೇಳಿ, ಭಾಗವತರು "ಬಿಳಿ ನಾಲ್ಕು", "ಕಪ್ಪು ಮೂರು" ಅಂತ ಶ್ರುತಿ ಹೇಳುವುದನ್ನು ಅವರು ಕೇಳಿಯೇ ಇರುತ್ತಾರೆ. ಬಿಳಿ ಒಂದು ಅಂದರೆ ಸಿ. ಕಪ್ಪು ಒಂದು ಅದರ ಪಕ್ಕದ ಕರಿ ಕೀ. ನಿಮ್ಮ ಆ್ಯಪ್ ಬಿಳಿ ಒಂದನ್ನು ಸಾ ಅಂತ ಹಿಡಿದು, ಅದಕ್ಕೆ ಕೆಂಪು ಕೊಟ್ಟಿರುತ್ತದೆ. ಆದರೆ ಹೆಂಗಸರು, ಮಕ್ಕಳು ಸಲೀಸಾಗಿ ಹಾಡುವುದು ಸಾಮಾನ್ಯವಾಗಿ ಕಪ್ಪು ನಾಲ್ಕು, ಕಪ್ಪು ಐದರ ಆಸುಪಾಸಿನಲ್ಲಿ. ಗ್ಯಾದರಿಂಗ್‌ನಲ್ಲಿ ಮಕ್ಕಳು ಕಪ್ಪು ನಾಲ್ಕರಲ್ಲಿ ಹಾಡಿದರು ಅಂತ ಇಟ್ಟುಕೊಳ್ಳಿ. ಆಗ ನಿಮ್ಮ ಮಗನ ಕೆಂಪು ಸ್ಟಿಕರ್ ಸಾ ಆಗಿ ಉಳಿಯುವುದಿಲ್ಲ. ಅದು ಗ ಆಗುತ್ತದೆ. ಸಾ ಇರುವ ಕೀಗೆ ಬಣ್ಣವೇ ಇಲ್ಲ.

ಕರಿ ಕೀಗಳಿಗೆ ಸ್ಟಿಕರ್ ಇಲ್ಲದಿರುವುದು ಇನ್ನೊಂದು ಕೊರತೆ. ಒಂದು ಸಪ್ತಕದಲ್ಲಿ, ಅಂದರೆ ಒಂದು ಸಾ ಯಿಂದ ಮುಂದಿನ ಸಾ ಬರುವ ತನಕ, ಕೋಮಲ (ಸ್ವಲ್ಪ ಇಳಿಸಿದ), ತೀವ್ರ (ಸ್ವಲ್ಪ ಏರಿಸಿದ) ಸ್ವರ ಸೇರಿ ಹನ್ನೆರಡು ಸ್ವರ. ಏಳು ಬಣ್ಣದ ಪದ್ಧತಿ ಐದನ್ನು ಬಿಟ್ಟೇಬಿಟ್ಟಿದೆ. ಹಿಂದೂಸ್ತಾನಿಯಲ್ಲಿ ಶುದ್ಧ ಸ್ವರದಿಂದ ಪಾಠ ಶುರುವಾಗುವುದರಿಂದ ಸ್ವಲ್ಪ ದಿನ ನಡೆದುಹೋಗುತ್ತದೆ. ಯಮನ್ ರಾಗಕ್ಕೆ ಬಂದ ಕೂಡಲೇ ತೀವ್ರ ಮಧ್ಯಮ ಬೇಕು. ಕರ್ನಾಟಕ ಸಂಗೀತದಲ್ಲಂತೂ ಮೊದಲ ದಿನವೇ ಕಷ್ಟ. ಅಲ್ಲಿನ ಮೊದಲ ಪಾಠ ಸರಳೆ ವರಸೆ ಇರುವುದೇ ಮಾಯಾಮಾಳವಗೌಳ ರಾಗದಲ್ಲಿ. ಬಿಳಿ ಒಂದನ್ನು ಸಾ ಮಾಡಿಕೊಂಡರೂ ಅದರ ರಿ, ಧ ಎರಡೂ ಕರಿ ಕೀ ಮೇಲೆಯೇ ಬರುತ್ತವೆ.

ಇದನ್ನು ಬಾಯಲ್ಲಿ ಹೇಳಿದರೆ ಮಗುವಿಗೆ ತಿಳಿಯುವುದಿಲ್ಲ. ಮಾಡಿ ತೋರಿಸಿ. ಕೀಬೋರ್ಡಿನ ಕರಿ ಕೀಗಳು ಸಪ್ತಕಕ್ಕೆ ಐದೇ ಐದು, ಮೊದಲು ಎರಡು, ಆಮೇಲೆ ಮೂರು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಕಪ್ಪು ಮೂರಕ್ಕೆ ಶ್ರುತಿ ಇಡಿ. ಕಪ್ಪು ಮೂರರಿಂದ ಶುರುಮಾಡಿ ಕರಿ ಕೀಗಳನ್ನು ಮಾತ್ರ ಒಂದೊಂದಾಗಿ ಒತ್ತುತ್ತಾ ಮೇಲಿನ ಕಪ್ಪು ಮೂರರವರೆಗೆ ಹೋಗಲಿ. ಅದು ಸಾ ರೆ ಗ ಪ ಧ, ಭೂಪ್ ರಾಗ. ಕರ್ನಾಟಕದಲ್ಲಿ ಮೋಹನ. ಈಗ ತಂಬೂರಿಯನ್ನು ಕಪ್ಪು ಒಂದಕ್ಕೆ ಬದಲಿಸಿ. ಅದೇ ಐದು ಕೀ, ಶುರು ಮಾತ್ರ ಕಪ್ಪು ಒಂದರಿಂದ. ಈಗ ಬಂದದ್ದು ಸಾ ರೆ ಮ ಪ ಧ, ದುರ್ಗಾ. ತಂಬೂರಿ ಕಪ್ಪು ಐದಕ್ಕೆ ಹೋಗಲಿ. ಸಾ, ಕೋಮಲ ಗ, ಮ, ಕೋಮಲ ಧ, ಕೋಮಲ ನಿ. ಮಾಲಕೌಂಸ್, ಅಂದರೆ ನಮ್ಮ ಹಿಂದೋಳ. ಕಪ್ಪು ನಾಲ್ಕರಿಂದ ಹೊರಟರೆ ಮೇಘ್‌ನ ಸ್ವರಗಳು, ಕರ್ನಾಟಕದಲ್ಲಿ ಮಧ್ಯಮಾವತಿ. ಕಪ್ಪು ಎರಡರಿಂದ ಧಾನಿ, ಶುದ್ಧ ಧನ್ಯಾಸಿ.

ಒಂದೇ ಐದು ಕೀ, ಐದು ರಾಗದ ಸ್ವರಗಳು. ಬೆರಳು ಬೇರೆ ಕಡೆ ಹೋಗಿಲ್ಲ, ಬಣ್ಣ ಹಚ್ಚಿದ್ದರೆ ಬಣ್ಣವೂ ಬದಲಾಗುತ್ತಿರಲಿಲ್ಲ. ಬದಲಾದದ್ದು ಸಾ ಒಂದೇ. ಮೋಹನ, ಹಿಂದೋಳ, ಮಧ್ಯಮಾವತಿ ಯಕ್ಷಗಾನದಲ್ಲಿ ಚೆನ್ನಾಗಿ ಬಳಕೆಯಲ್ಲಿರುವ ರಾಗಗಳು. ಮಾವನವರು ಇದ್ದಾಗಲೇ ಈ ಪ್ರಯೋಗ ಮಾಡಿ. ಮೊಮ್ಮಗ ಕರಿ ಕೀ ಒತ್ತುತ್ತಾ ಹೋಗಲಿ, ಇದು ಯಾವ ರಾಗ ಅಂತ ಅಜ್ಜ ಹೇಳಲಿ. ತಂಬೂರಿ ಮಾತ್ರ ತಪ್ಪಿಸಬೇಡಿ. ಅದಿಲ್ಲದಿದ್ದರೆ ಕಿವಿ ಹಳೇ ಸಾ ಬಿಟ್ಟು ಕದಲುವುದಿಲ್ಲ, ಎಲ್ಲವೂ ಒಂದೇ ರಾಗದ ಹಾಗೆ ಕೇಳುತ್ತದೆ.

ಇದಾದ ಮೇಲೆ ಸ್ಟಿಕರ್ ಬಗ್ಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಬಣ್ಣವನ್ನು ಕೀ ಮೇಲಿಂದ ತೆಗೆದು ಒಂದು ಜಾರುವ ಪಟ್ಟಿಗೆ ವರ್ಗ ಮಾಡಿ. ನಮ್ಮ ಕ್ಲಾಸಿನಲ್ಲಿ ಮಾಡುವುದು ಇದನ್ನೇ. ಡ್ರಾಯಿಂಗ್ ಶೀಟು ಅಥವಾ ಮದುವೆ ಕಾಗದದ ದಪ್ಪ ರಟ್ಟು ಸಾಕು. ಕೀಬೋರ್ಡಿನಲ್ಲಿ ಒಂದು ಸಿ ಯ ಎಡ ಅಂಚಿನಿಂದ ಮುಂದಿನ ಸಿ ಯ ಎಡ ಅಂಚಿನವರೆಗೆ ಅಳೆಯಿರಿ. ದೊಡ್ಡ ಅಳತೆಯ ಕೀಬೋರ್ಡ್ ಆದರೆ ಹದಿನಾರೂವರೆ ಸೆಂಟಿಮೀಟರ್ ಹತ್ತಿರ ಬರುತ್ತದೆ. ಮಕ್ಕಳ ಕೀಬೋರ್ಡಿನಲ್ಲಿ ಕಡಿಮೆ, ಹಾರ್ಮೋನಿಯಂನಲ್ಲಿ ಅದರದ್ದೇ ಬೇರೆ. ಹಾಗಾಗಿ ನಿಮ್ಮದನ್ನೇ ಅಳೆಯಿರಿ. ಅದನ್ನು ಹನ್ನೆರಡು ಸಮ ಭಾಗ ಮಾಡಿ. ಅದೇ ಅಳತೆಯಲ್ಲಿ ಪಟ್ಟಿಯ ಮೇಲೆ ಹದಿಮೂರು ಮನೆ ಗೆರೆ ಎಳೆಯಿರಿ. ಮೊದಲ ಮನೆ ಸಾ, ಮೂರನೆಯದು ರೆ, ಐದನೆಯದು ಗ, ಆರನೆಯದು ಮ, ಎಂಟನೆಯದು ಪ, ಹತ್ತನೆಯದು ಧ, ಹನ್ನೆರಡನೆಯದು ನಿ, ಹದಿಮೂರನೆಯದು ಮೇಲಿನ ಸಾ. ಅವನಿಗೆ ಈಗಾಗಲೇ ರೂಢಿಯಾಗಿರುವ ಬಣ್ಣಗಳನ್ನೇ ಹಚ್ಚಿ. ನಡುವೆ ಉಳಿದ ಐದು ಮನೆ ಕೋಮಲ ಮತ್ತು ತೀವ್ರ ಸ್ವರಗಳದ್ದು. ಅವನ್ನು ಸದ್ಯಕ್ಕೆ ಖಾಲಿ ಬಿಡಿ.

ಪಟ್ಟಿಯನ್ನು ಕೀಗಳ ಹಿಂದೆ, ಕರಿ ಕೀಗಳ ಬುಡಕ್ಕೆ ತಾಗಿಸಿ ಇಡಿ. ಆ ಜಾಗದಲ್ಲಿ ಕರಿ-ಬಿಳಿ ಸೇರಿ ಹನ್ನೆರಡೂ ಕೀಗಳ ಅಂತರ ಹೆಚ್ಚುಕಮ್ಮಿ ಸಮ ಇರುತ್ತದೆ. ಹಾಗಾಗಿ ಪಟ್ಟಿ ಎಲ್ಲಿ ಜರುಗಿಸಿದರೂ ಹೊಂದುತ್ತದೆ. ಸಾ ಮನೆಯನ್ನು ಬಿಳಿ ಒಂದರ ಎದುರು ಇಟ್ಟರೆ ಅವನ ಹಳೇ ಹಾಡುಗಳೇ. ಕಪ್ಪು ನಾಲ್ಕರ ಎದುರು ಜರುಗಿಸಿದರೆ ರೆ ಕಪ್ಪು ಐದಕ್ಕೆ, ಗ ಬಿಳಿ ಒಂದಕ್ಕೆ, ಮ ಕಪ್ಪು ಒಂದಕ್ಕೆ, ಪ ಕಪ್ಪು ಎರಡಕ್ಕೆ ತಾನಾಗಿ ಬಂದು ನಿಲ್ಲುತ್ತವೆ. ಬಣ್ಣ ಅದೇ, ಸ್ವರ ಅದೇ, ಕೀ ಬೇರೆ. ಪಟ್ಟಿಯನ್ನು ಅವನ ಕೈಯಲ್ಲೇ ಜರುಗಿಸಿ. ಅಪ್ಪನಿಗೆ ಒಂದು ಶ್ರುತಿ, ಅಮ್ಮನಿಗೆ ಒಂದು, ತನಗೆ ಒಂದು ಅಂತ ಮನೆಯವರೆಲ್ಲರ ಸಾ ಹುಡುಕಲಿ. ಅಂಟು ಇಲ್ಲದ ಕಾರಣ ಇನ್ನೊಂದು ಉಪಕಾರವೂ ಇದೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಸ್ಟಿಕರಿನ ಅಂಟು ಬಿಟ್ಟು ಕೀಗಳ ಸಂದಿಗೆ ಇಳಿಯುತ್ತದೆ, ಧೂಳು ಹಿಡಿದು ಕೀ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರತಿ ಮನೆಯಲ್ಲೂ ಬಣ್ಣದ ಜೊತೆ ಅಕ್ಷರ ಬರೆಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. "ಹಳದಿ" ಅನ್ನುವ ಹುಡುಗ "ಗ" ಅನ್ನಲು ಶುರುಮಾಡುವುದು ಅಕ್ಷರ ಕಣ್ಣೆದುರು ಇದ್ದಾಗಲೇ. ಒತ್ತುವಾಗ ಬಾಯಲ್ಲಿ ಸ್ವರ ಹೇಳಲಿ, ಹೇಳುವುದಲ್ಲ, ಹಾಡಲಿ. ಕೋಮಲ ಸ್ವರ ಸೇರಿಸುವ ದಿನ ಬಂದಾಗ ಹೊಸ ಬಣ್ಣ ಹುಡುಕಬೇಡಿ. ರೆ ಗೆ ಯಾವ ಬಣ್ಣವೋ ಕೋಮಲ ರೆ ಗೂ ಅದೇ ಬಣ್ಣ, ಅಕ್ಷರದ ಕೆಳಗೆ ಒಂದು ಅಡ್ಡ ಗೆರೆ. ತೀವ್ರ ಮಧ್ಯಮಕ್ಕೆ ತಲೆಯ ಮೇಲೆ ಒಂದು ನಿಂತ ಗೆರೆ. ಇದು ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರ ಸ್ವರಲಿಪಿ. ಮಂದ್ರಕ್ಕೆ (ಕೆಳಗಿನ ಸಪ್ತಕ) ಕೆಳಗೆ ಚುಕ್ಕಿ, ತಾರಕ್ಕೆ (ಮೇಲಿನ ಸಪ್ತಕ) ಮೇಲೆ ಚುಕ್ಕಿ. ಮುಂದೆ ಯಾವ ಹಿಂದೂಸ್ತಾನಿ ಪುಸ್ತಕ ತೆರೆದರೂ ಅವನಿಗೆ ಪರಿಚಯದ ಮುಖಗಳೇ ಕಾಣುತ್ತವೆ.

ಅಕ್ಷರ ಬೇಕು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಗಂಡುಮಕ್ಕಳಲ್ಲಿ ಕೆಂಪು-ಹಸಿರು ಸರಿಯಾಗಿ ಬೇರೆಮಾಡಿ ಕಾಣದ ತೊಂದರೆ ಹೆಣ್ಣುಮಕ್ಕಳಿಗಿಂತ ತುಂಬಾ ಜಾಸ್ತಿ. ಅದು ಹುಟ್ಟಿನಿಂದ ಬರುವುದು, ಮನೆಯವರಿಗೆ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಬೂಮ್‌ವ್ಯಾಕರ್ ಬಣ್ಣಗಳಲ್ಲಿ ಮ, ಪ ಎರಡೂ ಹಸಿರಿನ ಬೇರೆ ಬೇರೆ ಛಾಯೆ. ಅಂಥ ಮಗು ಅಲ್ಲಿ ತಡಕಾಡಿದರೆ "ಇವನಿಗೆ ಸ್ವರಜ್ಞಾನ ಇಲ್ಲ" ಅಂದುಬಿಡುತ್ತೇವೆ. ಎಂಥ ಅನ್ಯಾಯ ನೋಡಿ. ನಿಮ್ಮೂರಿನ ಕಡಲತೀರಕ್ಕೆ ಯಾರ ಹೆಸರಿದೆ? ರವೀಂದ್ರನಾಥ ಟ್ಯಾಗೋರರದ್ದು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಬಂದು ಉಳಿದಿದ್ದರು, ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಅವರಿಗೆ ಕೆಂಪು-ಹಸಿರು ಗುರುತಿಸುವ ತೊಡಕು ಇತ್ತು ಎಂದು ಅವರ ಚಿತ್ರಗಳನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಅವರು ಕಟ್ಟಿದ ಹಾಡುಗಳು ಎರಡು ಸಾವಿರಕ್ಕೂ ಮೇಲೆ. ನಿಮ್ಮ ಮಗ ಬಣ್ಣಗಳಲ್ಲಿ ಪದೇ ಪದೇ ಒಂದೇ ಕಡೆ ತಪ್ಪುತ್ತಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಸುಲಭದ ಪರೀಕ್ಷೆ ಅದು.

ಪಟ್ಟಿ ಕೈಗೆ ಹತ್ತಿದ ಮೇಲೆ ಬಣ್ಣ ಕಡಿಮೆ ಮಾಡುತ್ತಾ ಬನ್ನಿ. ಎಲ್ಲ ಒಟ್ಟಿಗೆ ಅಲ್ಲ. ಮೊದಲು ರೆ, ಧ. ಆಮೇಲೆ ಮ, ನಿ. ಕೊನೆಗೆ ಗ. ಉಳಿಯುವುದು ಸಾ ಮತ್ತು ಪ. ಇವೆರಡನ್ನು ಉಳಿಸಲು ಕಾರಣ ಇದೆ. ಹನ್ನೆರಡರಲ್ಲಿ ಕೋಮಲವೂ ಆಗದ, ತೀವ್ರವೂ ಆಗದ ಅಚಲ ಸ್ವರಗಳು ಇವೆರಡೇ. ಇವು ಕಂಡರೆ ಉಳಿದದ್ದನ್ನೆಲ್ಲ ಕಿವಿ, ಬೆರಳು ಸೇರಿ ಹುಡುಕಿಕೊಳ್ಳುತ್ತವೆ. ಪಾಶ್ಚಾತ್ಯರ ದೊಡ್ಡ ಹಾರ್ಪ್ ವಾದ್ಯವನ್ನು ವಿಡಿಯೋದಲ್ಲಿ ಹತ್ತಿರದಿಂದ ನೋಡಿ. ನಲವತ್ತಕ್ಕೂ ಹೆಚ್ಚು ತಂತಿ. ಸಿ ತಂತಿಗಳು ಕೆಂಪು, ಎಫ್ (ನಮ್ಮ ಬಿಳಿ ನಾಲ್ಕು) ತಂತಿಗಳು ಕಪ್ಪು ಅಥವಾ ನೀಲಿ. ಉಳಿದದ್ದಕ್ಕೆ ಬಣ್ಣ ಇಲ್ಲ. ದೊಡ್ಡ ದೊಡ್ಡ ವಾದಕರೂ ಹಾಗೇ ನುಡಿಸುತ್ತಾರೆ. ಗ್ವೀಡೋ ಬಣ್ಣ ಹಚ್ಚಿದ ಗೆರೆಗಳೂ ಇವೇ ಎರಡು ಸ್ವರದವು, ಎಫ್ ಕೆಂಪು, ಸಿ ಹಳದಿ. ಎರಡು ಗುರುತಿದ್ದರೆ ದಾರಿ ಸಿಗುತ್ತದೆ. ಏಳಕ್ಕೂ ಗುರುತಿದ್ದರೆ ದಾರಿ ಹುಡುಕುವ ಕೆಲಸವೇ ಇಲ್ಲ, ಕಿವಿ ಸುಮ್ನೆ ಕೂತುಬಿಡುತ್ತದೆ.

ಕಿವಿ ಎದ್ದಿದೆಯಾ ಇಲ್ಲವಾ ಅಂತ ನೋಡಲು ಹೀಗೆ ಮಾಡಿ. ಕೀಗಳ ಮೇಲೆ ಒಂದು ಪಂಜಿ (ಬಟ್ಟೆ) ಹೊದೆಸಿ. ತಂಬೂರಿ ನುಡಿಯುತ್ತಿರಲಿ. ನೀವು ಪಂಜಿಯ ಕೆಳಗೆ ಒಂದು ಕೀ ಒತ್ತಿ, ಅವನು ಅದನ್ನು ಮೊದಲು ಹಾಡಿ, ಆಮೇಲೆ ಹೆಸರು ಹೇಳಲಿ. ಮೊದಲ ವಾರ ಸಾ, ಪ ಮಾತ್ರ. ಆಮೇಲೆ ಗ ಸೇರಿಸಿ. ನಿಮಗೆ ಸಂಗೀತ ಬರದಿದ್ದರೂ ಇದನ್ನು ಮಾಡಿಸಬಹುದು.

ಆ್ಯಪ್‌ನ ಇಳಿಯುವ ಪಟ್ಟಿಗಳ ಬಗ್ಗೆ ನನಗೆ ಅಷ್ಟು ಸಮಾಧಾನ ಇಲ್ಲ. ಅದರಲ್ಲಿ ಲಯ ಪರದೆಯ ಕೈಯಲ್ಲಿರುತ್ತದೆ, ಮಗುವಿನ ಒಳಗೆ ಕೂರುವುದಿಲ್ಲ. ಹಾಡನ್ನು ಮೊದಲು ಕೈತಟ್ಟಿ ಹಾಡಲಿ, ಆಮೇಲೆ ಪೆಟ್ಟಿಗೆಗೆ ಬರಲಿ. ಸ್ವರವನ್ನು ಆಂದೋಲಿಸುವುದು (ತೂಗಾಡಿಸುವುದು), ಮೀಂಡ್ ಎಳೆಯುವುದು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬಣ್ಣದ ಚೌಕದಲ್ಲಿ ಬರುವ ಹಾಗೇ ಇಲ್ಲ. ಕೀ ಇರುವ ವಾದ್ಯದಲ್ಲೇ ಅದು ಬರುವುದಿಲ್ಲ. ಇದೇ ಆಕ್ಷೇಪದಿಂದ ಆಕಾಶವಾಣಿ 1940ರಿಂದ ಸುಮಾರು ಮೂವತ್ತು ವರ್ಷ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಹಾಗಾಗಿ ನುಡಿಸುವುದರ ಜೊತೆಗೆ ಹಾಡು ಇರಲೇಬೇಕು.

ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಎಲ್ಲರಿಗೂ ಬಣ್ಣ ಬಿಡಿಸಬೇಕಾಗಿಲ್ಲ. ಫಿನ್‌ಲೆಂಡಿನ ಆ ಪದ್ಧತಿ ಹುಟ್ಟಿದ್ದೇ ಕಲಿಕೆ ನಿಧಾನ ಇರುವವರಿಗಾಗಿ. ಬಣ್ಣ ಸ್ವರವನ್ನು ಹೇಳುತ್ತದೆ, ಆಕಾರ ಸಪ್ತಕವನ್ನು ಹೇಳುತ್ತದೆ. ಅದರಿಂದ ಕಲಿತವರು ಬ್ಯಾಂಡ್ ಕಟ್ಟಿ ನುಡಿಸುತ್ತಾರೆ. ನಿಮ್ಮ ಕೇರಿಯಲ್ಲಿ ಅಂಥ ಮಗು ಇದ್ದರೆ ಬಣ್ಣ ಜೀವನಪೂರ್ತಿ ಇರಲಿ, ಅದರಲ್ಲಿ ಒಂದಿಷ್ಟೂ ಕೀಳು ಇಲ್ಲ. ನಿಮ್ಮ ಮಗನಿಗೆ ಮುಂದಿನ ದಾರಿ ಇದೆ, ಅದಕ್ಕೆ ಅವನಿಗೆ ಈ ಮಾತು.

ಇನ್ನು ಗ್ಯಾದರಿಂಗ್. ಟೀಚರಿಗೆ ಇವತ್ತೇ ಫೋನ್ ಮಾಡಿ, ಮಕ್ಕಳು ಯಾವ ಶ್ರುತಿಯಲ್ಲಿ ಹಾಡುತ್ತಾರೆ ಅಂತ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಮಕ್ಕಳು ಹಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸಲಿ, ಮಾವನವರೂ ಮಗನೂ ಕೂತು ಸಾ ಹುಡುಕಲಿ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ನೆಚ್ಚಿಕೊಳ್ಳಬೇಡಿ, ಶಾಲೆಯ ಸಾದಾ ಪೆಟ್ಟಿಗೆಯಲ್ಲಿ ಅದು ಇರುವುದಿಲ್ಲ. ಶ್ರುತಿ ತಿಳಿದ ದಿನದಿಂದ ಮನೆಯಲ್ಲಿ ಪಟ್ಟಿಯನ್ನು ಅಲ್ಲಿಗೇ ಜರುಗಿಸಿ ಅಭ್ಯಾಸ ಮಾಡಿಸಿ. ಕಾರ್ಯಕ್ರಮಕ್ಕೆ ಮುಂಚೆ ಎರಡು ಮೂರು ಸಲವಾದರೂ ಶಾಲೆಯ ಪೆಟ್ಟಿಗೆಯ ಮೇಲೇ ನುಡಿಸಲಿ. ಅದರ ಕೀ ಸಣ್ಣದು, ಎಡಗೈಯಲ್ಲಿ ತಿದಿ ಬೇರೆ ಒತ್ತಬೇಕು, ಕೀಬೋರ್ಡಿನ ಕೈಗೆ ಅದು ಹೊಸದು. ಬರಿ ಪೆಟ್ಟಿಗೆ ನೋಡಿ ಹೆದರಿದರೆ ಸಾ ಮತ್ತು ಪ ಕೀಗಳ ಹಿಂದಿನ ಹಲಗೆಯ ಮೇಲೆ ಎರಡು ಸಣ್ಣ ಬಣ್ಣದ ಕಾಗದ ಇಡಿ. ಯಾರಾದರೂ ನೋಡಿ ಏನಾದರೂ ಅಂದರೂ ಅವನ್ನು ತೆಗೆಯಬೇಡಿ.